ಹತ್ತಿರ ಇದ್ದವರು

ಹುಟ್ಟಿದ ಕೂಸಿನ ಸೊಂಟಕ್ಕೆ ಕಟ್ಟುವ ಕರಿ ಉಡಿದಾರದೊಳಗೆ ಕೂದಲೆಳೆಯಂಥ ತಂತಿಯೊಂದನ್ನು ಹೊಸೆಯುವ ಯೋಚನೆ ಮೊದಲು ಯಾರಿಗೆ ಹೊಳೆಯಿತು ಎಂಬ ಬಗ್ಗೆ ಜಿಲ್ಲಾ ಕೇಂದ್ರದಲ್ಲಿ ಈಗಲೂ ಒಮ್ಮತವಿಲ್ಲ. ದಾರ ಮಾತ್ರ ಹೇಳಿದ ಕೆಲಸ ಮಾಡುತ್ತಿತ್ತು. ಕೂಸಿನ ಮೈಬಿಸಿ, ಉಸಿರು, ನಾಡಿ, ಹೊರಳಾಟ ಎಲ್ಲವನ್ನೂ ಅದು ಅಳೆಯುತ್ತಿತ್ತು. ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ. ಕೂಸಿನ ಮೈಬಿಸಿಯೇ ಸಾಕಾಗುತ್ತಿತ್ತು. ಮನೆಯ ದೊಡ್ಡವರೆಲ್ಲ ಕೊರಳಲ್ಲೋ ತೋಳಲ್ಲೋ ಒಂದೊಂದು ಮಣಿ ಕಟ್ಟಿಕೊಳ್ಳುತ್ತಿದ್ದರು. ಯಾರು ಕೂಸಿನ ಹತ್ತಿರ ಎಷ್ಟು ಹೊತ್ತು ಇದ್ದರು ಎಂಬುದು ಮಣಿಯಿಂದ ದಾರಕ್ಕೆ, ದಾರದಿಂದ ಊರ ಗೋಪುರಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗುತ್ತಿತ್ತು. ಈ ಯೋಜನೆಗೆ ‘ನೆರಳು’ ಎಂದು ಹೆಸರಿಟ್ಟಿದ್ದರು.

ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ಜಿಲ್ಲೆಯ ಒಂದೊಂದು ಕೂಸಿಗೂ ಒಂದೊಂದು ಚುಕ್ಕೆ. ಕೂಸು ಕ್ಷೇಮವಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಆ ಬಣ್ಣಗಳನ್ನು ತೀರ್ಮಾನಿಸುವ ಲೆಕ್ಕವನ್ನು ಕಟ್ಟಿದವಳು ಅಂಬುಜಾ ಕಟ್ಟೀಮನಿ. ಸಂಖ್ಯಾಶಾಸ್ತ್ರ ಓದಿದವಳು, ನಲವತ್ತು ದಾಟಿದವಳು, ಮಾತು ಕಡಿಮೆ. ಮೊದಮೊದಲು ದಾರ ಮೈ ತುಸು ಬೆಚ್ಚಗಾದರೂ ಕೆಂಪು ತೋರಿಸಿ ಆಶಾ ಕಾರ್ಯಕರ್ತೆಯರನ್ನು ಸುಮ್ಮಸುಮ್ಮನೆ ಓಡಾಡಿಸುತ್ತಿತ್ತು. ಹತ್ತಿರ ಮನೆಮಂದಿ ಹೆಚ್ಚಿದ್ದಾಗ ಸಣ್ಣ ಜ್ವರ ತಾನಾಗಿ ವಾಸಿಯಾಗುತ್ತದೆ ಎಂಬುದನ್ನು ಸಾವಿರಾರು ಕೂಸುಗಳ ಮಾಹಿತಿಯಿಂದ ಕಂಡುಕೊಂಡ ಅಂಬುಜಾ, ಜನ ಹತ್ತಿರವಿರುವುದಕ್ಕೆ ಲೆಕ್ಕದಲ್ಲಿ ಒಂದು ತೂಕ ಕೊಟ್ಟಳು. ಅಲ್ಲಿಂದ ಸುಳ್ಳು ಎಚ್ಚರಿಕೆಗಳು ನಿಂತವು. ಎಲ್ಲರೂ ಅವಳನ್ನು ಹೊಗಳಿದರು.

ಅದೇ ಮಾಹಿತಿಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ತಂದೆಯ ಮಣಿ ಹತ್ತಿರವಿದ್ದರೂ ದೂರವಿದ್ದರೂ ಕೂಸಿನ ಉಳಿವಿನಲ್ಲಿ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಕ್ಕಂದಿರಿದ್ದ ಮನೆಯಲ್ಲಿ ಪರಿಸ್ಥಿತಿ ಸ್ವಲ್ಪ ಮೇಲು. ಅಜ್ಜಿ ಇದ್ದ ಮನೆಯಲ್ಲಿ ಮಾತ್ರ, ಅದರಲ್ಲೂ ಮೊಲೆಹಾಲಿನ ಜೊತೆ ಅನ್ನ ರೂಢಿ ಮಾಡಿಸುವ ತಿಂಗಳುಗಳಲ್ಲಿ, ಸಾವು ಅರ್ಧಕ್ಕಿಳಿಯುತ್ತಿತ್ತು. ತಾಯಿಯ ತಾಯಿಯಿಂದ ಎಲ್ಲ ಕಡೆ ಒಳ್ಳೆಯದಾಗಿತ್ತು. ತಂದೆಯ ತಾಯಿಯ ವಿಷಯ ಹಾಗಲ್ಲ. ಕೆಲವು ಮನೆಯಲ್ಲಿ ತುಂಬ ಒಳ್ಳೆಯದು, ಕೆಲವು ಮನೆಯಲ್ಲಿ ಏನೂ ಇಲ್ಲ. ಈ ವ್ಯತ್ಯಾಸ ಯಾಕೆಂದು ಅಂಬುಜಾಳಿಗೆ ತಿಳಿಯಲಿಲ್ಲ. ಇನ್ನೊಂದು ವರ್ಷ ನೋಡೋಣ ಎಂದು ಅವಳು ಹೇಳಿದಳು. ನಿರ್ದೇಶಕ ಶರಭಯ್ಯನವರು ಕೆಟ್ಟವರಲ್ಲ, ಆದರೆ ಅವಸರದವರು. ಕೂಸುಗಳು ಒಂದು ವರ್ಷ ಕಾಯುವುದಿಲ್ಲ ಎಂದರು. ಅಜ್ಜಿಯರೆಲ್ಲರಿಗೂ ಒಂದೇ ಸರಾಸರಿ ತೂಕ ಕೊಟ್ಟು ‘ಅಜ್ಜಿ ಹಂಚಿಕೆ’ ಶುರುವಾಯಿತು. ಇಬ್ಬರು ಅಜ್ಜಿಯರಿರುವ ಮನೆಯಿಂದ ಒಬ್ಬರನ್ನು, ಅವರು ಒಪ್ಪಿದರೆ, ಯಾರೂ ಇಲ್ಲದ ಕೂಸಿನ ಬಳಿಗೆ ಕಳಿಸುವುದು.

ಕೃಷ್ಣೆಯ ನಡುಗಡ್ಡೆಯಾದ ಮಾಚನಗಡ್ಡಿಯಲ್ಲಿ ಅಂಥ ಇಬ್ಬರು ಅಜ್ಜಿಯರ ಮನೆಯೊಂದಿತ್ತು.

ಆ ಮನೆಯ ಸೊಸೆ ಯಂಕಮ್ಮ. ಗಂಡ ತಿಮ್ಮಯ್ಯ ಹರಿಗೋಲು ಹಾಕಿ ಮೀನು ಹಿಡಿಯುವವನು. ಯಂಕಮ್ಮ ಹಡೆದ ಮೊದಲೆರಡು ಕೂಸುಗಳು ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದವು. ಮೂರನೆಯದನ್ನು ದಡದಾಚೆಯ ತವರಿನಲ್ಲಿ ಹಡೆದಳು. ಬಾಣಂತನ ಮುಗಿದು ಗಂಡನ ಮನೆಗೆ ಹೊರಟಾಗ ತಾಯಿ ಹುಲಿಗೆಮ್ಮ ತಾನೂ ಗಂಟು ಕಟ್ಟಿಕೊಂಡು ಹರಿಗೋಲು ಹತ್ತಿದಳು. ಮಗಳ ಗಂಡನ ಮನೆಯಲ್ಲಿ ಹೋಗಿ ಕೂಡುವುದು ಆ ಕಡೆ ಪದ್ಧತಿಯಲ್ಲ. ಓಣಿಯವರು ಆಡಿಕೊಂಡರು. ಆದರೆ ತಿಮ್ಮಯ್ಯನ ತಾಯಿ ಬಸಲಿಂಗಮ್ಮ ಆ ಎರಡು ಕೂಸುಗಳನ್ನು ಮಣ್ಣಿಗಿಟ್ಟು ಬಂದವಳು. ಇರಲಿ ಬಿಡು ಎಂದು ಒಳಗೆ ಚಾಪೆ ಹಾಸಿಕೊಟ್ಟಳು.

ಕೂಸಿಗೆ ಬಸಲಿಂಗಮ್ಮನ ಗಂಡನ ಹೆಸರನ್ನೇ ಇಟ್ಟರು, ಮುದುಕಪ್ಪ ಎಂದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದಲ್ಲ, ಹಾಗಾಗಿ ಅವಳು ಮೊಮ್ಮಗನನ್ನು ‘ನಮ್ಮ ಯಜಮಾನ’ ಎಂದು ಕರೆಯುತ್ತಿದ್ದಳು. ಮಾವನ ಹೆಸರನ್ನು ಹೇಳಬಾರದ ಯಂಕಮ್ಮನಿಗೂ ಅವನು ‘ನಮ್ಮಾವ’. ಯಜಮಾನ ದುಂಡಗೆ ಬೆಳೆದ. ಹುಲಿಗೆಮ್ಮ ವಿಶೇಷವಾದದ್ದೇನೂ ಮಾಡುತ್ತಿರಲಿಲ್ಲ. ಯಂಕಮ್ಮ ದಣಿದಾಗ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಕೂಸು ಭೇದಿ ಮಾಡಿಕೊಂಡರೆ ಆಶಾ ಹೇಳಿಕೊಟ್ಟಂತೆ ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಬೀಗಿತ್ತಿ ಬೇಡವೆಂದರೆ ನಕ್ಕು, ಸ್ವಲ್ಪ ಕೊಡ್ತೀನಿ ಎನ್ನುತ್ತ ಕೊಟ್ಟೇಬಿಡುತ್ತಿದ್ದಳು. ಯಂಕಮ್ಮ ತಾಯಿಯ ಮೇಲೆ ರೇಗುತ್ತಿದ್ದಳು, ಅವಳ ಮುಂದೆ ಅಳುತ್ತಿದ್ದಳು, ಇವತ್ತು ನನಗೆ ಏಳಲಾಗುವುದಿಲ್ಲ ಎಂದು ಮಲಗಿಬಿಡುತ್ತಿದ್ದಳು. ಅತ್ತೆಯ ಮುಂದೆ ಇದಾವುದನ್ನೂ ಮಾಡಿದವಳಲ್ಲ.

ಅಂಬುಜಾ ತಾನೇ ಹೊಳೆ ದಾಟಿ ಅಲ್ಲಿಗೆ ಬಂದಳು. ಕಟ್ಟೆಯ ಮೇಲೆ ಕೂತು ವಿಷಯ ತಿಳಿಸಿದಳು. ಹೆದ್ದಾರಿಯ ಬದಿಯ ಇಟ್ಟಿಗೆ ಭಟ್ಟಿಯಲ್ಲಿ ದುಡಿಯಲು ಬಂದ ದಂಪತಿಗೆ ಒಂದು ಹೆಣ್ಣು ಕೂಸು. ತಾಯಿ ಜ್ವರದಲ್ಲಿ ಸತ್ತಿದ್ದಾಳೆ. ಭಟ್ಟಿಯ ಹೆಂಗಸರು ತಮ್ಮ ಕೆಲಸದ ನಡುವೆ ಆಗಾಗ ನೋಡುತ್ತಾರೆ, ಅಷ್ಟೆ. ಕೂಸು ಮುದುಕಪ್ಪನ ವಾರಿಗೆಯದೇ, ಆದರೆ ತೂಕ ಅವನ ಅರ್ಧದಷ್ಟೂ ಇಲ್ಲ. ಚುಕ್ಕೆ ಕೆಂಪಾಗಿ ಎಷ್ಟೋ ದಿನವಾಗಿದೆ.

ಹುಲಿಗೆಮ್ಮ ಮೊಮ್ಮಗನನ್ನು ಮಡಿಲಿಂದ ಹೆಗಲಿಗೆ ಎತ್ತಿಕೊಂಡಳು.

“ಆ ಕೂಸಿಗೆ ಯಾರೂ ಇಲ್ಲೇನ್ರಿ?” ಎಂದು ಕೇಳಿದಳು.

“ಅಪ್ಪ ಅದಾನ. ಹಗಲೆಲ್ಲ ಭಟ್ಟ್ಯಾಗ ಇರ್ತಾನ.”

ಹುಲಿಗೆಮ್ಮ ಮಗಳ ಕಡೆ ತಿರುಗಿದಳು. ಯಂಕಮ್ಮ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲೇ ಅತ್ತೆ, ಕಟ್ಟೆಯ ಮೇಲೆ ಅಧಿಕಾರಿ, ಅಂಗಳದಲ್ಲಿ ಓಣಿಯ ಮಂದಿ. ತಾಯಿ ಬೇಕು ಎಂದರೆ ಅತ್ತೆ ಸಾಲದು ಎಂದ ಹಾಗಾಗುತ್ತಿತ್ತು.

“ನೀ ಹೋಗು ಬೇ,” ಎಂದಳು. “ಇಲ್ಲಿ ಅತ್ತಿ ಅದಾರಲ್ಲ.”

ಅದನ್ನು ಅಂಬುಜಾ ಒಪ್ಪಿಗೆ ಎಂದುಕೊಂಡಳು. ಹುಲಿಗೆಮ್ಮನಿಗೆ ಮಗಳ ದನಿಯಲ್ಲಿ ಬೇರೇನೋ ಕೇಳಿಸಿತ್ತು. ಆದರೂ ಆ ತಾಯಿಯಿಲ್ಲದ ಕೂಸಿನ ಕತೆ ಕಿವಿಗೆ ಬಿದ್ದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಳೆಗಾಲ ಮುಗಿದ ಕೂಡಲೇ ಬಂದುಬಿಡುತ್ತೇನೆ ಎಂದು ಮಗಳಿಗೆ ಹೇಳಿ ಹೊರಟಳು.

ಭಟ್ಟಿಯ ಕೂಸಿನ ಹೆಸರು ಹೊನ್ನಿ. ತಗಡಿನ ಗುಡಿಸಲು, ಸುತ್ತ ಕೆಂಪು ಧೂಳು. ಅಪ್ಪ ಭೀಮೇಶ ಹುಲಿಗೆಮ್ಮನನ್ನು ಕಂಡು ಏನು ಕರೆಯಬೇಕೆಂದು ತಿಳಿಯದೆ ಒಂದೆರಡು ದಿನ ಸುಮ್ಮನಿದ್ದ. ಆಮೇಲೆ ಅವ್ವ ಎಂದ. ಹೊನ್ನಿ ಮೊದಲು ಅಳುತ್ತಲೂ ಇರಲಿಲ್ಲ, ಅಳುವಷ್ಟು ಶಕ್ತಿಯಿರಲಿಲ್ಲ. ಹುಲಿಗೆಮ್ಮ ಅದನ್ನು ಹಗಲಿಡೀ ಮೈಗೆ ಹಚ್ಚಿಕೊಂಡಿರುತ್ತಿದ್ದಳು. ರಾಗಿಯ ಸರಿ ಮಾಡಿ ಬೆರಳ ತುದಿಯಲ್ಲಿ ನೆಕ್ಕಿಸಿದಳು. ಉಗುಳಿದರೆ ಸ್ವಲ್ಪ ತಡೆದು ಮತ್ತೆ ನೆಕ್ಕಿಸಿದಳು. ಒಂದು ಮಧ್ಯಾಹ್ನ ಕೂಸು ಗಟ್ಟಿಯಾಗಿ ಅತ್ತಿತು. ಭೀಮೇಶ ಭಟ್ಟಿಯಿಂದ ಓಡಿಬಂದು ನೋಡಿದರೆ ಹುಲಿಗೆಮ್ಮ ನಗುತ್ತಿದ್ದಳು.

ಕೇಂದ್ರದಲ್ಲಿ ಚುಕ್ಕೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ತಿರುಗಿತು. ಶರಭಯ್ಯನವರು ಅದನ್ನು ಮೇಲಿನವರಿಗೆ ತೋರಿಸಿದರು. ಇಂಥ ಚುಕ್ಕೆಗಳು ಜಿಲ್ಲೆಯ ತುಂಬ ಇದ್ದವು. ಅಜ್ಜಿಯರು ಹೋದ ಕಡೆಯೆಲ್ಲ ಕೂಸುಗಳು ಉಳಿಯುತ್ತಿದ್ದವು. ಅದು ಸುಳ್ಳಲ್ಲ.

ಇತ್ತ ಮಾಚನಗಡ್ಡಿಯಲ್ಲಿ ಯಂಕಮ್ಮ ಬೆಳಿಗ್ಗೆ ಎದ್ದರೆ ಮಲಗುವವರೆಗೆ ಕೆಲಸದಲ್ಲೇ ಇರುತ್ತಿದ್ದಳು. ಬಸಲಿಂಗಮ್ಮ ಕೂಸನ್ನು ಇಳಿಸುತ್ತಿರಲಿಲ್ಲ. ಪ್ರೀತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಕೂಸು ಅತ್ತೆಯ ಮಡಿಲಲ್ಲಿರುವಾಗ ಅದನ್ನು ಕೇಳಿ ತೆಗೆದುಕೊಳ್ಳುವುದು ಯಂಕಮ್ಮನಿಗೆ ಆಗದ ಮಾತು. ಅವಳಿಗೆ ಕೆಮ್ಮು ಹತ್ತಿತ್ತು, ಸಂಜೆಯಾದರೆ ಮೈ ಕಾಯುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ತಿಮ್ಮಯ್ಯ ಒಮ್ಮೆ ಕೇಳಿದ, ಏನಿಲ್ಲ ಎಂದಳು.

ಶ್ರಾವಣದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಗಡ್ಡಿಯ ಮನೆಗಳಿಗೆ ಹೊಳೆ ನುಗ್ಗಿತು. ಊರವರೆಲ್ಲ ದಿಬ್ಬದ ಮೇಲಿನ ಶಾಲೆಯಲ್ಲಿ ಸೇರಿದರು. ಒಂದೇ ಕೋಣೆಯಲ್ಲಿ ನಾಲ್ಕಾರು ಮನೆಯವರು. ಒಲೆ ಒಂದೇ, ಕುಡಿಯುವ ನೀರು ಹೊಳೆಯದೇ. ಎರಡನೆಯ ದಿನ ಮುದುಕಪ್ಪನಿಗೆ ಭೇದಿ ಶುರುವಾಯಿತು.

ನಿಯಂತ್ರಣ ಕೋಣೆಯಲ್ಲಿ ಅಂಬುಜಾ ನೆರೆ ನುಗ್ಗಿದ ಊರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ದಡದ ಕೆಲವು ಊರುಗಳಲ್ಲಿ ಹಳದಿ, ಕೆಂಪು. ಅಲ್ಲಿಗೆ ದೋಣಿ ಕಳಿಸಬೇಕಿತ್ತು. ಮಾಚನಗಡ್ಡಿ ಪೂರ್ತಿ ಹಸಿರಾಗಿತ್ತು. ಮುದುಕಪ್ಪನ ಕ್ಷೇಮದ ಅಂಕ ಹಿಂದೆಂದಿಗಿಂತಲೂ ಮೇಲಿತ್ತು. ಮೈ ತುಸು ಬಿಸಿ, ಹೊರಳಾಟ ಕಡಿಮೆ. ಆದರೆ ಹತ್ತಿರ ಎಷ್ಟೊಂದು ಮಣಿಗಳು: ತಾಯಿ, ತಂದೆ, ಅಜ್ಜಿ, ದೊಡ್ಡಪ್ಪ ದೊಡ್ಡವ್ವಂದಿರು, ಓಣಿಯ ಮಂದಿಯೆಲ್ಲ ಕೈಚಾಚಿದರೆ ಸಿಗುವಷ್ಟು ಸಮೀಪ. ಇಷ್ಟು ಜನರ ನಡುವಿನ ಕೂಸು ಹೊರಳಾಡುತ್ತಿಲ್ಲವೆಂದರೆ ನಿದ್ದೆ ಮಾಡುತ್ತಿದೆ ಎಂದು ಲೆಕ್ಕ ತೀರ್ಮಾನಿಸಿತು. ಸದ್ಯ ಈ ಒಂದು ಊರಾದರೂ ಕ್ಷೇಮ ಎಂದುಕೊಂಡು ಅಂಬುಜಾ ದೋಣಿಯನ್ನು ಬೇರೆ ಕಡೆ ಕಳಿಸಿದಳು.

ಶಾಲೆಯಲ್ಲಿ ಯಂಕಮ್ಮ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಕೂಸು ಗೋಡೆಯ ಬದಿ ಬಸಲಿಂಗಮ್ಮನ ಮಡಿಲಲ್ಲಿತ್ತು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ, ಹೊಟ್ಟೆ ಒಣಗಲಿ ಎಂದು ಬಸಲಿಂಗಮ್ಮ ಹೇಳಿದ್ದಳು. ಅವಳ ಅತ್ತೆ ಅವಳಿಗೆ ಹಾಗೆಯೇ ಹೇಳಿಕೊಟ್ಟಿದ್ದಳು. ಯಂಕಮ್ಮನಿಗೆ ಉಪ್ಪು ಸಕ್ಕರೆ ನೀರಿನ ವಿಷಯ ಗೊತ್ತಿತ್ತು. ಒಮ್ಮೆ ಲೋಟ ಹಿಡಿದು ಹತ್ತಿರ ಹೋದಳು. ಈಗಷ್ಟೇ ಕಣ್ಣು ಮುಚ್ಚಿದ್ದಾನೆ, ಎಬ್ಬಿಸಬೇಡ ಎಂದು ಅತ್ತೆ ಮೆಲ್ಲಗೆ ಅಂದಳು. ಇಡೀ ಊರು ನೋಡುತ್ತಿತ್ತು. ಯಂಕಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಲೆಯ ಕಡೆ ಬಂದಳು. ರೊಟ್ಟಿ ಬಡಿಯುತ್ತ ಆಗಾಗ ತಲೆಯೆತ್ತಿ ನೋಡಿದಳು. ಅತ್ತೆ ಕೂಸಿನ ಬೆನ್ನು ತಟ್ಟುತ್ತ ಏನೋ ಗುನುಗುತ್ತಿದ್ದಳು.

ಊಟದ ಹೊತ್ತಿಗೆ ಪರದೆಯ ಮೇಲಿನ ಚುಕ್ಕೆ ಹಸಿರಿನಿಂದ ನೇರವಾಗಿ ಬೂದಿ ಬಣ್ಣಕ್ಕೆ ಹೋಯಿತು. ನಡುವೆ ಹಳದಿಯಾಗಲಿಲ್ಲ, ಕೆಂಪಾಗಲಿಲ್ಲ. ಬೂದಿ ಬಣ್ಣವೆಂದರೆ ದಾರ ಕೆಲಸ ನಿಲ್ಲಿಸಿದೆ ಎಂದರ್ಥ. ನೆರೆಯ ನೀರಿಗೆ ದಾರ ಕೆಟ್ಟಿರಬೇಕು ಎಂದು ಕೋಣೆಯವರು ಹೇಳಿದರು. ದಾರ ನಡೆಯುತ್ತಿದ್ದದ್ದು ಕೂಸಿನ ಮೈಬಿಸಿಯಿಂದ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ, ಅಂಬುಜಾಳಿಗೂ ಕೂಡ.

ನೀರು ಇಳಿದು ದೋಣಿ ಗಡ್ಡಿ ತಲುಪಿದಾಗ ಅಂಬುಜಾ ಅದರಲ್ಲಿದ್ದಳು, ಕೈಯಲ್ಲಿ ಮುದುಕಪ್ಪನಿಗೆ ಹೊಸ ದಾರ. ತಿಮ್ಮಯ್ಯ ದಡದಲ್ಲೇ ಎದುರಾದ. ಮಣ್ಣು ಮಾಡಿ ಆಯಿತು ಎಂದು ತಿಳಿಸಿದ. ಹೇಳುವಾಗ ಅವನು ತನ್ನ ತೋಳಿನ ಮಣಿಯನ್ನು ತಿರುಗಿಸುತ್ತಿದ್ದ. ನಾನೂ ಅಲ್ಲೇ ಇದ್ದೆನಲ್ಲ, ಎರಡು ಮಾರು ದೂರದಲ್ಲಿ, ಯಾಕೆ ಗೊತ್ತಾಗಲಿಲ್ಲ ಎಂದು ಅವಳನ್ನೇ ಕೇಳಿದ. ಶಾಲೆಯ ಜಗಲಿಯಲ್ಲಿ ಬಸಲಿಂಗಮ್ಮ ಮಡಿಲಿನ ಮೇಲೆ ಕೈ ಹಾಗೆಯೇ ಮಡಿಸಿಕೊಂಡು ಕೂತಿದ್ದಳು.

“ಮಲಗ್ಯಾನ ಅಂತ ತಿಳಕೊಂಡಿದ್ದೆ ಯವ್ವಾ,” ಎಂದಳು. ಬಂದವರಿಗೆಲ್ಲ ಅವಳು ಅದೊಂದನ್ನೇ ಹೇಳುತ್ತಿದ್ದಳು.

ಹುಲಿಗೆಮ್ಮನಿಗೆ ತಿಳಿಸಲು ಅಂಬುಜಾ ತಾನೇ ಹೋದಳು. ಭಟ್ಟಿಯ ಗುಡಿಸಲಿನ ಮುಂದೆ ಹುಲಿಗೆಮ್ಮ ಹೊನ್ನಿಯನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ಅಂಬುಜಾಳ ಮುಖ ನೋಡಿದವಳೇ ಕೈ ನಿಲ್ಲಿಸಿದಳು. ಪೂರ್ತಿ ಕೇಳಿಸಿಕೊಂಡಳು. ಅರ್ಧ ಎಣ್ಣೆ ತಿಕ್ಕಿದ್ದ ಕೂಸನ್ನು ತಣ್ಣಗಾಗದಂತೆ ಬಟ್ಟೆಯಲ್ಲಿ ಸುತ್ತಿ, ಭೀಮೇಶನನ್ನು ಕರೆದು, ಅವನ ಕೈಯಲ್ಲಿಟ್ಟು, ಯಾವಾಗ ಏನು ತಿನ್ನಿಸಬೇಕೆಂದು ಎರಡೆರಡು ಸಲ ಹೇಳಿದಳು. ಜೀಪಿನಲ್ಲಿ ಕೂತ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಾರಿಯುದ್ದಕ್ಕೂ ಅದನ್ನು ತೆಗೆಯಲಿಲ್ಲ.

ಗಡ್ಡಿ ತಲುಪಿದಾಗ ಮಗಳು ಶಾಲೆಯ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ಕೆಂಡದಂತಿತ್ತು. ಎದೆಹಾಲು ಕಟ್ಟಿಕೊಂಡು ಕುಪ್ಪಸ ತೊಯ್ದು ಒಣಗಿ ಗಡುಸಾಗಿತ್ತು. ಅದನ್ನು ಆವರೆಗೆ ಯಾರೂ ನೋಡಿರಲಿಲ್ಲ. ಹುಲಿಗೆಮ್ಮ ನೀರು ಕಾಯಿಸಿ ತಂದಳು, ಬಟ್ಟೆ ಅದ್ದಿ ಶಾಖ ಕೊಟ್ಟಳು, ಹಾಲು ಹಿಂಡಿದಳು. ಯಂಕಮ್ಮ ಸುಮ್ಮನೆ ಮಾಡಿಸಿಕೊಂಡಳು. ಅದು ಮುಗಿದ ಮೇಲೆ ಗೋಡೆಯ ಕಡೆಯೇ ನೋಡುತ್ತ ಮಾತಾಡಿದಳು.

“ನೀ ಇದ್ದಿದ್ರ ನಿನಗ ಹೇಳ್ತಿದ್ದೆ ಬೇ. ಅತ್ತಿ ಕೈಯಾಗಿಂದ ಕೂಸು ಇಸ್ಕೊಡು ಅಂತಿದ್ದೆ.”

ಹುಲಿಗೆಮ್ಮ ಅಳುತ್ತ ಮಗಳ ಕಾಲು ಹಿಡಿದುಕೊಂಡಳು. ಯಂಕಮ್ಮ ಕಾಲು ಎಳೆದುಕೊಳ್ಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಬಾಗಿಲಾಚೆ ನಿಂತಿದ್ದ ಅಂಬುಜಾಳಿಗೆ ಆ ಮಾತು ಕೇಳಿಸಿತು. ತಂದೆಯ ತಾಯಂದಿರ ವಿಷಯದಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸ ಯಾಕೆ ಎಂಬುದಕ್ಕೆ ಅವಳು ಹುಡುಕಿಯೂ ಸಿಗದಿದ್ದ ಉತ್ತರ ಅದೇ ಆಗಿತ್ತು. ಮಣಿಗಳಿಂದ ಅವಳಿಗೆ ತಿಳಿಯುತ್ತಿದ್ದದ್ದು ಯಾರು ಹತ್ತಿರವಿದ್ದರು ಎಂಬುದು. ಕೂಸಿನ ತಾಯಿ ಅವರಲ್ಲಿ ಯಾರಿಗೆ ಬಾಯಿಬಿಟ್ಟು ಹೇಳಬಲ್ಲಳು ಎಂಬುದನ್ನು ತಿಳಿಯುವ ದಾರಿ ದಾರದಲ್ಲಿರಲಿಲ್ಲ.

ಕೆಲವು ದಿನಗಳಲ್ಲಿ ಯಂಕಮ್ಮನ ಜ್ವರ ಇಳಿಯಿತು. ಅಷ್ಟರಲ್ಲಿ ಹೊನ್ನಿಯ ಚುಕ್ಕೆ ಮತ್ತೆ ಹಳದಿಗೆ ಬಂದಿತ್ತು. ಅಂಬುಜಾ ಅದನ್ನು ಯಾರಿಗೂ ತಿಳಿಸಲಿಲ್ಲ. ಯಾವ ಮುಖ ಹೊತ್ತು ತಿಳಿಸುವುದು. ಆದರೆ ಭೀಮೇಶ ತಾನೇ ಕೂಸನ್ನೆತ್ತಿಕೊಂಡು ಹೊಳೆಯ ಆ ದಡದವರೆಗೆ ಬಂದು ನಿಂತಿದ್ದಾನೆಂದು ತಿಮ್ಮಯ್ಯ ಬಂದು ಹೇಳಿದ. ಹರಿಗೋಲಿನವನನ್ನು ಕೂಗಲು ಅವನಿಗೆ ಧೈರ್ಯವಾಗಿರಲಿಲ್ಲವಂತೆ.

ಹುಲಿಗೆಮ್ಮ ಎದ್ದೇಳಲಿಲ್ಲ. ಯಂಕಮ್ಮನೇ ಮೂಲೆಯಲ್ಲಿದ್ದ ತಾಯಿಯ ಗಂಟನ್ನು ತಂದು ಅವಳ ಮುಂದಿಟ್ಟಳು.

“ಹೋಗು. ಆ ಕೂಸಾದ್ರೂ ಉಳೀಲಿ. ನಾ ಕರಿಯೂತನಕ ಬರಬ್ಯಾಡ.”

ಮಗಳು ಅದನ್ನು ಸಿಟ್ಟಿನಿಂದ ಹೇಳಿದಳೋ ಕರುಣೆಯಿಂದ ಹೇಳಿದಳೋ ಹುಲಿಗೆಮ್ಮನಿಗೆ ಆಗ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಅವಳು ಗಂಟು ತೆಗೆದುಕೊಂಡು ಹೊಳೆ ದಾಟಿದಳು. ಯಂಕಮ್ಮ ಕರೆಯಲಿಲ್ಲ.

ಕೇಂದ್ರದಲ್ಲಿ ಅಂಬುಜಾ ಶರಭಯ್ಯನವರ ಮುಂದೆ ಕೂತು, ಮಗಳನ್ನು ಒಬ್ಬಳನ್ನೇ ಕೂರಿಸಿ ಕೇಳದೆ ಯಾವ ತಾಯಿಯನ್ನೂ ಕಳಿಸಬಾರದು ಎಂದು ಹಟ ಹಿಡಿದಳು. ಶರಭಯ್ಯನವರು ಪರದೆಯ ಕಡೆ ತೋರಿಸಿ, ಇದರಿಂದ ಎಷ್ಟು ಕೂಸು ಉಳಿದಿವೆ ನೀವೇ ನೋಡಿ ಎಂದರು. ಅವಳು ನೋಡಿದಳು. ಅವರ ಮಾತು ನಿಜವೆಂದೂ ಹೇಳಿದಳು. ಆದರೂ ಹಟ ಬಿಡಲಿಲ್ಲ. ಕೊನೆಗೆ ನಿಯಮ ಬದಲಾಯಿತು. ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಹೆಚ್ಚು ಕಡಿಮೆ ಎಲ್ಲರೂ ನಮ್ಮವ್ವ ನಮಗೆ ಬೇಕು ಎಂದರು. ಹಂಚಿಕೆ ತಾನಾಗಿ ನಿಂತುಹೋಯಿತು. ಮರುವರ್ಷ ಭಟ್ಟಿಗಳಲ್ಲಿ, ಕಲ್ಲುಗಣಿಯ ಕೇರಿಗಳಲ್ಲಿ ಕೆಂಪು ಚುಕ್ಕೆಗಳು ಮತ್ತೆ ಹೆಚ್ಚಿದವು. ಅವುಗಳಲ್ಲಿ ಹಲವು ಬೂದಿಯಾದವು. ಅಂಬುಜಾ ದಿನವೂ ಅವುಗಳ ಎದುರು ಕೂತು ಕೆಲಸ ಮಾಡಿದಳು. ಬೇರೆ ಊರಿಗೆ ವರ್ಗ ಬೇಕೇ ಎಂದು ಶರಭಯ್ಯನವರು ಒಮ್ಮೆ ಕೇಳಿದಾಗ ಬೇಡವೆಂದಳು.

ಅದಾಗಿ ಇನ್ನೊಂದು ವರ್ಷ ಕಳೆದ ಮೇಲೆ ಯಂಕಮ್ಮ ಮತ್ತೆ ಬಸುರಿಯಾದಳು. ದಿನ ತುಂಬುತ್ತ ಬಂದಾಗ ಒಂದು ಬೆಳಿಗ್ಗೆ ತಿಮ್ಮಯ್ಯ ಅವಳನ್ನು ಭಟ್ಟಿಗೆ ಕರೆತಂದು, ಗುಡಿಸಲಿನ ಮುಂದಿನ ಬೇವಿನ ಕೆಳಗೆ ಕೂರಿಸಿ, ತಾನು ಭೀಮೇಶನನ್ನು ಮಾತಾಡಿಸುವ ನೆಪದಲ್ಲಿ ಆಚೆ ಹೋದ. ಬಾ ಎಂದು ಕರೆಯದ ಮಗಳು ತಾನೇ ಬಂದಿದ್ದಳು. ಹುಲಿಗೆಮ್ಮ ನೀರು ತಂದುಕೊಟ್ಟಳು. ಯಂಕಮ್ಮ ಕುಡಿದಳು. ಅತ್ತೆ ಹೇಗಿದ್ದಾರೆ ಎಂದು ಹುಲಿಗೆಮ್ಮ ಕೇಳಿದಳು. ಕಣ್ಣು ಮಂಜಾಗಿದೆ, ಕೂಸು ಹುಟ್ಟಿದರೆ ನನ್ನ ಕೈಗೆ ಕೊಡಬೇಡಿ ಎನ್ನುತ್ತಾರೆ ಎಂದು ಯಂಕಮ್ಮ ಹೇಳಿದಳು.

ಗುಡಿಸಲಿನ ಹಿಂದಿನಿಂದ ಹೊನ್ನಿ ಓಡಿಬಂದಳು. ಮೈಯೆಲ್ಲ ಇಟ್ಟಿಗೆಯ ಕೆಂಪು. ಹೊಸಬಳನ್ನು ಕಂಡು ಒಂದು ಕ್ಷಣ ನಿಂತು, ಹತ್ತಿರ ಬಂದು ಯಂಕಮ್ಮನ ಮೊಣಕಾಲ ಮೇಲೆ ಕೈಯಿಟ್ಟಳು. ಯಂಕಮ್ಮ ಕಾಲು ಸರಿಸಿದಳು. ಹುಡುಗಿ ಸರಿದ ಕಾಲಿನ ಮೇಲೆಯೇ ಮತ್ತೆ ಕೈಯಿಟ್ಟು, ಉಬ್ಬಿದ ಹೊಟ್ಟೆಯನ್ನು ಬೆರಗಿನಿಂದ ನೋಡುತ್ತ ನಿಂತಳು. ಈ ಸಲ ಯಂಕಮ್ಮ ಸರಿಯಲಿಲ್ಲ. ಆ ಹುಡುಗಿಯ ಎತ್ತರವನ್ನು, ದುಂಡು ತೋಳನ್ನು, ಹಾಲುಹಲ್ಲುಗಳನ್ನು ಬಹಳ ಹೊತ್ತು ನೋಡಿದಳು.

“ನಮ್ಮಾವನೂ ಇಷ್ಟ ಆಗಿರ್ತಿದ್ದ,” ಎಂದಳು.

“ಹೂಂ,” ಎಂದಳು ಹುಲಿಗೆಮ್ಮ.